ಅಪ್ಪ ನಡೆದ ವೇಗದಲ್ಲೇ

ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಪೆನ್‌ಡ್ರೈವಿನಿಂದ ಫೋಟೊ ತೆಗೆದು ಹಾಕಿದ ಹಾಗೆ, ತಂತಿ ಸಿಕ್ಕಿಸಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಆಗಿಬಿಡುವ ಕೆಲಸ ಅದಲ್ಲ. ಟೇಪು ಅಂದು ಯಾವ ವೇಗದಲ್ಲಿ ಓಡಿತ್ತೋ ಇಂದೂ ಅದೇ ವೇಗದಲ್ಲಿ ಓಡಬೇಕು. ಅಪ್ಪ ಗುಡ್ಡೆ ಹತ್ತುವಾಗ ನಡುವೆ ನಿಂತು ಎಷ್ಟು ಹೊತ್ತು ದಮ್ಮು ತೆಗೆದುಕೊಂಡರೋ ಅಷ್ಟು ಹೊತ್ತು ನಾನೂ ಪರದೆಯ ಮುಂದೆ ಕಾಯಬೇಕು. ಅಪ್ಪ ತೀರಿಕೊಂಡದ್ದು 2011ರಲ್ಲಿ. ಅವರ ಜೊತೆ ಹೀಗೆ ಮತ್ತೆ ಗಂಟೆಗಟ್ಟಲೆ ಕುಳಿತದ್ದು ನಾನು ಪಟ್ಟ ಪಾಡಿನಲ್ಲೆಲ್ಲ ಗಟ್ಟಿಯಾದ ಪಾಡು. ಯಂತ್ರದ ಜೊತೆ ಪಟ್ಟದ್ದು ಬೇರೆ ಇದೆ. ಅದನ್ನೂ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಗಲ್ಫಿಗೆ ಹೋಗಿ ಬಂದವರಿರುವ ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಕಪಾಟಿನಲ್ಲಿ ಈ ಪುಟ್ಟ ಕ್ಯಾಸೆಟ್ಟುಗಳು ಇನ್ನೂ ಬಿದ್ದುಕೊಂಡಿವೆ.

ನಮ್ಮ ಮನೆ ಪುತ್ತೂರಿನಿಂದ ಒಳಗೆ, ಅಡಿಕೆ ತೋಟದ ನಡುವೆ. ಅಣ್ಣ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ. 2001ರಲ್ಲಿ ರಜೆಗೆ ಬಂದಾಗ ಒಂದು ವಿಡಿಯೋ ಕ್ಯಾಮೆರಾ ತಂದ. ಅಂಗೈಯಲ್ಲಿ ಹಿಡಿಸುವಂಥದ್ದು, ಮಿನಿಡಿವಿ ಎಂಬ ಬೆಂಕಿಪೆಟ್ಟಿಗೆಗಿಂತ ಸ್ವಲ್ಪವೇ ದೊಡ್ಡದಾದ ಕ್ಯಾಸೆಟ್ಟಿನದ್ದು. ಪ್ರತಿ ರಜೆಯಲ್ಲೂ ಅವನು ತೆಗೆದ. ತನ್ನ ಮದುವೆ, ಮಗುವಿನ ನಾಮಕರಣ, ಅಡಿಕೆ ಸುಲಿಯುವ ರಾತ್ರಿ, ಮಹಾಲಿಂಗೇಶ್ವರನ ಜಾತ್ರೆ. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಕ್ಯಾಮೆರಾ ಚೀಲದೊಳಗೆ ಸೇರಿತು. ಇಪ್ಪತ್ತಕ್ಕೂ ಮಿಕ್ಕಿದ ಕ್ಯಾಸೆಟ್ಟುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಅಟ್ಟ ಸೇರಿದವು.

2022ರ ಜನವರಿಯಲ್ಲಿ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂತು. ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದವರು ಅವರು. ಟಿವಿಯಲ್ಲಿ ಅದನ್ನು ನೋಡಿದ ರಾತ್ರಿಯೇ ಅಣ್ಣ ಮಸ್ಕತ್ತಿನಿಂದ ಫೋನು ಮಾಡಿದ. “ನಮ್ಮ ಸುರಂಗದ್ದು ಒಂದು ಕ್ಯಾಸೆಟ್ ಉಂಟಲ್ಲ, ಅಪ್ಪ ಒಳಗೆ ಹೋಗುವುದು? ಅದನ್ನು ಹುಡುಕು ಮಾರಾಯ್ತಿ” ಎಂದ. ನಮ್ಮ ಸುರಂಗದಲ್ಲಿ ಈಗ ನೀರಿಲ್ಲ, ಬಾಯಿಯಲ್ಲಿ ಮಣ್ಣು ಕುಸಿದಿದೆ. ಅದರ ಒಳಗು ಹೇಗಿತ್ತು, ಎಷ್ಟು ದೂರ ಹೋಗಿತ್ತು ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಇದ್ದರೆ ಆ ಕ್ಯಾಸೆಟ್ಟಿನಲ್ಲೇ.

ಡಬ್ಬಿ ಇಳಿಸಿ ಬಿಚ್ಚಿದೆ. ನಮ್ಮ ಕಡೆಯ ಮಳೆ ಏನು ಮಾಡುತ್ತದೆ ಎಂದು ತೋಟದವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಒದ್ದೆ, ಬಟ್ಟೆ ಒದ್ದೆ, ಪುಸ್ತಕದ ಬೆನ್ನು ಒದ್ದೆ. ಅಂಥ ಹತ್ತು ಹದಿನೈದು ಮಳೆಗಾಲ ಆ ಡಬ್ಬಿಯ ಮೇಲೆ ಹಾದುಹೋಗಿತ್ತು. ಕೆಲವು ಕ್ಯಾಸೆಟ್ಟುಗಳ ಪಾರದರ್ಶಕ ಕಿಟಕಿಯಿಂದಲೇ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಾಣುತ್ತಿತ್ತು. ಕ್ಯಾಮೆರಾದ ಬ್ಯಾಟರಿ ಸತ್ತಿತ್ತು. ಅಡಾಪ್ಟರಿನ ಪ್ಲಗ್ಗು ಮಸ್ಕತ್ತಿನದ್ದು, ಮೂರು ಚೌಕ ಕಡ್ಡಿಗಳದ್ದು. ಅದಕ್ಕೊಂದು ಪರಿವರ್ತಕ ತಂದು ಸಿಕ್ಕಿಸಿದಾಗ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತು, ಕ್ಯಾಸೆಟ್ಟಿನ ಬಾಗಿಲು ತೆರೆಯಿತು. ಕ್ಯಾಸೆಟ್ಟು ಒಳಗೆ ಹೋಯಿತು, ಗರ್ ಎಂದಿತು, ಹೊರಗೆ ಬಂತು. ಪರದೆಯ ಮೇಲೆ ‘ಸಿ:31’ ಎಂಬ ಗುರುತು ಮಿನುಗಿತು. ಕೈಪಿಡಿಯಲ್ಲಿ ಹುಡುಕಿದೆ. 21 ಎಂದರೆ ಒಳಗೆ ತೇವ, 22 ಎಂದರೆ ಟೇಪು ಓದುವ ಹೆಡ್ಡು ಕೊಳೆ, 31 ಎಂದರೆ ಕ್ಯಾಸೆಟ್ ತೆಗೆದು ಮತ್ತೆ ಹಾಕಿ ನೋಡಬೇಕು, ಸರಿಹೋಗದಿದ್ದರೆ ರಿಪೇರಿಗೆ ಕೊಡಬೇಕು. ತೆಗೆದು ಹಾಕಿದರೂ ಸರಿಹೋಗಲಿಲ್ಲ.

ಪೇಟೆಯ ಸ್ಟುಡಿಯೋ ಒಂದರವರು ತಾವು ಮಾಡಿಕೊಡುವುದಾಗಿ ಹೇಳಿದರು. ಅವರಲ್ಲಿ ಬೇರೆ ಕ್ಯಾಮೆರಾ ಇತ್ತು. ಪರೀಕ್ಷೆಗೆ ಬೂಸ್ಟು ಇಲ್ಲದ ಒಂದು ಕ್ಯಾಸೆಟ್ಟು ಕೊಟ್ಟೆ. ಬಂದ ಡಿವಿಡಿಯಲ್ಲಿ ಮುಖಗಳೆಲ್ಲ ಮಸುಕು, ಒಂದು ಸ್ಪೀಕರಿನಲ್ಲಿ ಮಾತು, ಇನ್ನೊಂದರಲ್ಲಿ ಬರೀ ಗುಂಯ್ ಎಂಬ ಸದ್ದು. ಮೊದಲ ಕೆಲವು ನಿಮಿಷಗಳೇ ಇರಲಿಲ್ಲ. ಅವರು ಹಳದಿ, ಬಿಳಿ, ಕೆಂಪು ಪಿನ್ನುಗಳ ತಂತಿಯಿಂದ ಇಳಿಸಿದ್ದರು. ಹಾಗೆ ಇಳಿಸುವುದು ತಪ್ಪೆಂದಲ್ಲ, ಹಳೆಯ ವಿಎಚ್‌ಎಸ್ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಅದೇ ದಾರಿ. ಆದರೆ 1995ರಲ್ಲಿ ಬಂದ ಈ ಡಿವಿ ಟೇಪಿನಲ್ಲಿ ಇರುವುದು ಅಂಕಿಗಳು. ಚಿತ್ರವೂ ಅಂಕಿ, ಧ್ವನಿಯೂ ಅಂಕಿ. ಆ ಅಂಕಿಗಳನ್ನು ಇದ್ದ ಹಾಗೇ ಎತ್ತಿಕೊಳ್ಳುವ ಇನ್ನೊಂದು ತಂತಿ ಇದೆ. ಅದರಿಂದ ತೆಗೆದರೆ ಟೇಪಿನಲ್ಲಿರುವುದಕ್ಕೂ ಕಂಪ್ಯೂಟರಿನಲ್ಲಿರುವುದಕ್ಕೂ ಕೂದಲಷ್ಟೂ ವ್ಯತ್ಯಾಸವಿರುವುದಿಲ್ಲ.

ಅದಕ್ಕಿಂತ ದೊಡ್ಡದೊಂದು ಸಂಗತಿ ನನಗೆ ಅಣ್ಣನ ಮಗನಿಂದ ಗೊತ್ತಾಯಿತು. ಅವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. “ಅತ್ತೆ, ಪ್ರತಿ ಫ್ರೇಮಿನ ಜೊತೆಗೂ ತೆಗೆದ ತಾರೀಕು, ಗಂಟೆ, ನಿಮಿಷ ಕೂತಿರ್ತದೆ. ಪರದೆ ಮೇಲೆ ಕಾಣದಿದ್ದರೂ ಟೇಪಲ್ಲಿ ಇರ್ತದೆ. ಮೂರು ಬಣ್ಣದ ವಯರಲ್ಲಿ ಅದು ಬರುವುದಿಲ್ಲ” ಎಂದ. ಸೆಕೆಂಡಿಗೆ 25 ಫ್ರೇಮು, ಒಂದೊಂದಕ್ಕೂ ಅದರ ಹೊತ್ತು. ಅಪ್ಪ ಯಾವ ದಿನ, ಎಷ್ಟು ಗಂಟೆಗೆ ಆ ಸುರಂಗದೊಳಗೆ ಹೊಕ್ಕರು ಎಂಬುದು ಆ ಡಬ್ಬಿಯಲ್ಲೇ ಬರೆದಿಟ್ಟಿದೆ ಎಂದ ಮೇಲೆ ನಾನು ಅದನ್ನು ಬಿಟ್ಟು ಇಳಿಸುವುದು ಹೇಗೆ? ಆಗುವುದಾದರೆ ಪೂರ್ತಿ ಆಗಬೇಕು ಎಂದು ಹಟ ಹಿಡಿದೆ.

ಇನ್ನೊಂದು ಕ್ಯಾಮೆರಾ ಎರವಲು ತಂದರೆ ಆಗುತ್ತಿರಲಿಲ್ಲವೇ ಎಂದು ಹಲವರು ಕೇಳಿದರು. ಅರ್ಧದಷ್ಟು ಕ್ಯಾಸೆಟ್ಟುಗಳಿಗೆ ಆಗುತ್ತಿತ್ತು. ಆದರೆ ಅಣ್ಣ ಕೆಲವನ್ನು ಎಲ್‌ಪಿಯಲ್ಲಿ ತೆಗೆದಿದ್ದ. ಎಸ್‌ಪಿಯಲ್ಲಿ 60 ನಿಮಿಷ ಬರುವ ಟೇಪಿನಲ್ಲಿ ಎಲ್‌ಪಿಯಾದರೆ 90 ನಿಮಿಷ ತುಂಬುತ್ತದೆ. ಟೇಪು ನಿಧಾನ ಓಡುತ್ತದೆ, ಅದರ ಮೇಲೆ ಓರೆಯಾಗಿ ಬರೆದ ಗೆರೆಗಳು 10 ಮೈಕ್ರಾನ್ ಅಗಲದಿಂದ 6.7ಕ್ಕೆ ಇಳಿಯುತ್ತವೆ. ಅಷ್ಟು ಸಣ್ಣ ಗೆರೆಯ ಮೇಲೆ ಬೇರೆ ಕ್ಯಾಮೆರಾದ ಹೆಡ್ಡು ಸರಿಯಾಗಿ ಕೂರುವುದು ಅಪರೂಪ. ಎರವಲು ಕ್ಯಾಮೆರಾದಲ್ಲಿ ಹಾಕಿ ನೋಡಿದಾಗ ಬರೀ ಚೌಕ ಚೌಕ, ನಡುವೆ ಒಂದು ಕೈ, ಒಂದು ಕಿವಿ. ಬರೆದ ಯಂತ್ರವೇ ಓದಬೇಕಿತ್ತು. ಹಾಗಾಗಿ ನಮ್ಮ ಕ್ಯಾಮೆರಾವನ್ನೇ ಬದುಕಿಸಬೇಕಾಯಿತು.

ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ, ಬಿಡಿಭಾಗ ಬರುವುದು ಎಂದೋ ನಿಂತಿದೆ ಎಂದರು. ಕೊನೆಗೆ ಮಂಗಳೂರಿನಲ್ಲಿ ಹಂಪನಕಟ್ಟೆಯ ಹತ್ತಿರದ ಒಂದು ಓಣಿಯಲ್ಲಿ, ಹಿಂದೆ ವಿಸಿಆರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಸಿಕ್ಕಿದರು. ಈಗ ಮಿಕ್ಸಿ, ಸ್ಪೀಕರು ಸರಿಮಾಡಿಕೊಂಡಿದ್ದರು. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದರು. “ಮೋಟಾರ್ ಸತ್ತಿಲ್ಲ ಅಕ್ಕ. ಒಳಗಿನ ಗ್ರೀಸು ಗಟ್ಟಿ ಆಗಿದೆ, ಟೇಪನ್ನು ಎಳೆದು ಸುತ್ತಲಿಕ್ಕೆ ಅದಕ್ಕೆ ಶಕ್ತಿ ಸಾಲುವುದಿಲ್ಲ. ಇಟ್ಟು ಹೋಗಿ, ನೋಡುವ” ಎಂದರು. ಅವರು ‘ನೋಡುವ’ ಎಂದದ್ದರಲ್ಲಿ ನನಗೆ ಅಂದು ಸಿಕ್ಕಿದ ಧೈರ್ಯವನ್ನು ಮರೆಯಲಾರೆ. ಅಲ್ಲಿಯ ತನಕ ಎಲ್ಲರೂ ತಲೆ ಅಲ್ಲಾಡಿಸಿದ್ದರು.

ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಕ್ಯಾಮೆರಾದ ಹೊಟ್ಟೆಯೊಳಗೆ ಒಂದು ಪುಟ್ಟ ಲೋಹದ ಡ್ರಮ್ಮು ಇದೆ. ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ. ಟೇಪಿನ ಅಗಲ 6.35 ಮಿ.ಮೀ., ದಪ್ಪ 7 ಮೈಕ್ರಾನ್. ಅದನ್ನು ಸಣ್ಣ ತೋಳುಗಳು ಕ್ಯಾಸೆಟ್ಟಿನಿಂದ ಹೊರಗೆಳೆದು ಆ ಡ್ರಮ್ಮಿಗೆ ಸುತ್ತಿ ಹಿಡಿಯುತ್ತವೆ. ಹೆಡ್ಡು ಒರೆಸುವುದಕ್ಕೆ ಅವರು ಹತ್ತಿ ಬಳಸಲಿಲ್ಲ. ಮೆತ್ತಗಿನ ಚರ್ಮದ ತುಂಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಅದನ್ನು ಅಲ್ಲಾಡಿಸದೆ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ಡ್ರಮ್ಮನ್ನು ಮೆಲ್ಲಗೆ ತಿರುಗಿಸಿದರು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ, ಮುರಿದರೆ ಮತ್ತೆ ಸಿಗುವುದಿಲ್ಲ. ಬೂಸ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಸ್ಕ್ರೂ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟೇಪನ್ನು ನಯವಾದ ಒಣಬಟ್ಟೆಯ ನಡುವೆ ಹಾಯಿಸಿ ಸುತ್ತಿದರು. ಬೂಸ್ಟು ಹಿಡಿದ ಟೇಪನ್ನು ಹಾಗೆಯೇ ಕ್ಯಾಮೆರಾಕ್ಕೆ ಹಾಕಿದರೆ ಬೂಸ್ಟು ಹೆಡ್ಡಿಗೆ ಅಂಟಿ, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ತೆಗೆದುಕೊಂಡ ಹಣ ಆ ಕೈಗಳ ಕೆಲಸಕ್ಕೆ ಏನೂ ಅಲ್ಲ. ಅವರ ಹಾಗೆ ಬಲ್ಲವರು ನಮ್ಮ ಊರುಗಳಲ್ಲಿ ಇನ್ನೆಷ್ಟು ಜನ ಇದ್ದಾರು? ಕ್ಯಾಸೆಟ್ಟು ಹಾಳಾಗುವುದಕ್ಕಿಂತ ಮೊದಲು ಅದನ್ನು ಓಡಿಸಬಲ್ಲ ಯಂತ್ರ ಹೋಗುತ್ತದೆ, ಯಂತ್ರಕ್ಕಿಂತ ಮೊದಲು ಅದನ್ನು ಸರಿಮಾಡಬಲ್ಲವರು ಹೋಗುತ್ತಾರೆ ಎಂಬ ಹೆದರಿಕೆ ನನಗೆ ಅಲ್ಲಿ ಹುಟ್ಟಿತು.

ಇನ್ನು ತಂತಿಯ ಪಾಡು. ಕ್ಯಾಮೆರಾದ ಬದಿಯಲ್ಲಿ ‘ಡಿವಿ’ ಎಂದು ಬರೆದ ನಾಲ್ಕು ಪಿನ್ನಿನ ಪುಟ್ಟ ತೂತಿದೆ. ಅದಕ್ಕೆ ಫೈರ್‌ವೈರ್ ಎಂಬ ತಂತಿ ಬೇಕು. ಪಕ್ಕದಲ್ಲೇ ಯುಎಸ್‌ಬಿ ತೂತೂ ಇತ್ತು, ಆದರೆ ಅದು ಇದ್ದದ್ದು ಮೆಮೊರಿ ಕಾರ್ಡಿನ ಫೋಟೊಗಳಿಗೆ. ನನ್ನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಕಿಂಡಿ ಇಲ್ಲ, ಈಗ ಮಾರುವ ಯಾವುದರಲ್ಲೂ ಇರುವುದಿಲ್ಲ. ತುದಿ ಬದಲಿಸುವ ಅಗ್ಗದ ಕೊಂಡಿಯೊಂದನ್ನು ಕೆಲವರು ಮಾರುತ್ತಾರೆ, ಫೈರ್‌ವೈರನ್ನು ಯುಎಸ್‌ಬಿಗೆ ಹಾಕಬಹುದು ಎನ್ನುತ್ತಾರೆ. ಅದನ್ನು ಹಾಕಿದರೆ ಡಿವಿ ಕ್ಯಾಮೆರಾದಿಂದ ಏನೂ ಬರುವುದಿಲ್ಲ, ಎರಡೂ ಮಾತಾಡುವ ರೀತಿಯೇ ಬೇರೆ. ಅಣ್ಣನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು, ಹಳೆಯ ಸ್ಟಾಕಿನಲ್ಲಿ ಬಿದ್ದಿದ್ದ ಒಂದು ಫೈರ್‌ವೈರ್ ಕಾರ್ಡು, ಒಂದು ತಂತಿ ಹುಡುಕಿದ. ದಸರಾ ರಜೆಗೆ ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದ. ನಮ್ಮ ಹಳೆಯ ಡೆಸ್ಕ್‌ಟಾಪ್ ಬಿಚ್ಚಿ ಕೂರಿಸಿದ.

ಕ್ಯಾಮೆರಾ ಹಚ್ಚಿದರೆ ಕಂಪ್ಯೂಟರಿಗೆ ಅದು ಕಾಣಲಿಲ್ಲ. ಕಂಪ್ಯೂಟರಿನ ಹೊಸ ಕಾರ್ಯಾಚರಣೆ ವ್ಯವಸ್ಥೆಯ ಜೊತೆ ಬರುವ ಡ್ರೈವರು ಆ ಕಾರ್ಡಿಗೆ ಒಗ್ಗಲಿಲ್ಲ, ‘ಲೆಗಸಿ’ ಎಂದು ಹೆಸರಿರುವ ಹಳೆಯ ಡ್ರೈವರನ್ನು ಹುಡುಕಿ ಹಾಕಬೇಕಾಯಿತು. ಕಂಡ ಮೇಲೆ ಇನ್ನೊಂದು: ಇಳಿಸುವ ಕೆಲಸ ಸರಿಯಾಗಿ ಇಪ್ಪತ್ತು ನಿಮಿಷದ ಹತ್ತಿರ ಬಂದಾಗ ನಿಲ್ಲುತ್ತಿತ್ತು. ಯಾವ ಕ್ಯಾಸೆಟ್ಟು ಹಾಕಿದರೂ ಅಷ್ಟೇ. ಟೇಪಿನ ದೋಷ, ಕ್ಯಾಮೆರಾದ ದೋಷ ಎಂದು ತಲೆ ಬಿಸಿಮಾಡಿಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹುಡುಗ ಲೆಕ್ಕ ಹಾಕಿದ. ಡಿವಿ ಚಿತ್ರ ಸೆಕೆಂಡಿಗೆ ಸುಮಾರು 3.6 ಎಂಬಿ ತಿನ್ನುತ್ತದೆ, ಗಂಟೆಗೆ ಸುಮಾರು 13 ಜಿಬಿ. ನಾವು ತುಂಬುತ್ತಿದ್ದ ಹೊರಗಿನ ಡಿಸ್ಕು ಎಫ್‌ಎಟಿ32 ಮಾದರಿಯದ್ದು, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. 4 ಜಿಬಿ ಎಂದರೆ ಇಪ್ಪತ್ತು ನಿಮಿಷ! ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸಿದ ಮೇಲೆ ಟೇಪು ಕೊನೆಯ ತನಕ ಓಡಿತು.

ಕರೆಂಟಿನದ್ದು ಬೇರೆ ತಲೆನೋವು. ತುಲಾ ತಿಂಗಳ ಗುಡುಗು ಶುರುವಾಗಿತ್ತು. ಟೇಪು ಡ್ರಮ್ಮಿಗೆ ಸುತ್ತಿಕೊಂಡಿರುವಾಗ ಕರೆಂಟು ಹೋದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗೆ ಒಮ್ಮೆ ಆಯಿತು. ಕರೆಂಟು ಬಂದು ಕ್ಯಾಮೆರಾ ಕ್ಯಾಸೆಟ್ಟನ್ನು ಹೊರಗೆ ತಳ್ಳಿದಾಗ ಟೇಪಿನ ಒಂದು ಮಡಿಕೆ ಒಳಗೇ ಉಳಿದು ಮುದ್ದೆಯಾಗಿತ್ತು. ಅದು ಅಣ್ಣನ ಮದುವೆಯದ್ದು, ದೊಡ್ಡಮ್ಮ ಶೋಭಾನೆ ಹಾಡಿದ ಎಲ್‌ಪಿ ಕ್ಯಾಸೆಟ್ಟು. ದೊಡ್ಡಮ್ಮನೂ ಈಗಿಲ್ಲ. ನಾನು ಕೈ ಹಾಕಲಿಲ್ಲ. ಹಾಗೇ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮಂಗಳೂರಿಗೆ ಹೋದೆ. ಅವರು ಸುಮಾರು ಒಂದು ಅಡಿ ಟೇಪನ್ನು ಕತ್ತರಿಸಿ ತೆಗೆಯಲೇಬೇಕು ಎಂದರು. ಎಲ್‌ಪಿಯಲ್ಲಿ ಒಂದು ಅಡಿ ಎಂದರೆ 24 ಸೆಕೆಂಡು. ಅಂಟು ಹಾಕಿ ಜೋಡಿಸಿದರೆ ಆ ಗಂಟು ಹೆಡ್ಡನ್ನು ಹಾಳುಮಾಡಬಹುದು ಎಂದು, ಎರಡು ತುಂಡುಗಳನ್ನೂ ಬೇರೆ ಬೇರೆ ಖಾಲಿ ಕ್ಯಾಸೆಟ್ಟುಗಳಿಗೆ ಸುತ್ತಿಕೊಟ್ಟರು. ಹಾಡಿನ ಮೊದಲೂ ಕೊನೆಯೂ ಉಳಿದವು. ನಡುವಿನ ಒಂದು ಚರಣ ಹೋಯಿತು. ಅಮ್ಮನಿಗೆ ಆ ಚರಣ ಬಾಯಿಗೆ ಬರುತ್ತದೆ. ಅವಳ ಧ್ವನಿಯಲ್ಲಿ ಫೋನಿನಲ್ಲಿ ತೆಗೆದಿಟ್ಟಿದ್ದೇನೆ, ಆದರೂ ದೊಡ್ಡಮ್ಮನ ಆ 24 ಸೆಕೆಂಡಿನ ಸಂಕಟ ನನಗೆ ಹೋಗಿಲ್ಲ. ಆಮೇಲೆ ಇನ್ವರ್ಟರ್ ಇಲ್ಲದೆ ಕ್ಯಾಮೆರಾ ಮುಟ್ಟಲಿಲ್ಲ.

ಸುರಂಗದ ಕ್ಯಾಸೆಟ್ಟು ಸಿಕ್ಕಿದ್ದು ಕೊನೆಕೊನೆಗೆ. ಅದರ ಮೇಲೆ ‘ತೋಟ’ ಎಂದಷ್ಟೇ ಬರೆದಿತ್ತು.

ಅದನ್ನು ಹಾಕುವಾಗ ಅಮ್ಮನನ್ನು ಕರೆದೆ. ಬಂದು ಕುಳಿತಳು. ಅಪ್ಪ ಲುಂಗಿ ಮಡಚಿಕಟ್ಟಿ, ಹೆಗಲ ಮೇಲೆ ಬೈರಾಸು ಹಾಕಿ, ಅಂಗಳದ ಮೆಟ್ಟಿಲಿಳಿದು ಕ್ಯಾಮೆರಾದ ಕಡೆ ನೋಡಿ “ಬಾ” ಎಂದರು. ಅಣ್ಣನಿಗೆ ಹೇಳಿದ್ದು. ಅಮ್ಮ ಎದ್ದಳು. “ನನ್ನಿಂದ ಆಗುವುದಿಲ್ಲ ಮಗಾ, ನೀನೇ ನೋಡು” ಎಂದು ಅಡುಗೆಮನೆಗೆ ಹೋದಳು. ನಾನು ಏಳುವ ಹಾಗಿರಲಿಲ್ಲ. ಟೇಪು ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ನಿಲ್ಲಿಸಬೇಕು, ಎಷ್ಟು ಫ್ರೇಮು ತಪ್ಪುತ್ತಿದೆ ಎಂದು ನೋಡುತ್ತಿರಬೇಕು. ವಿನ್‌ಡಿವಿ ಎಂಬ ಉಚಿತ ತಂತ್ರಾಂಶ ಅದನ್ನು ಕೆಳಗೆ ಎಣಿಸಿ ತೋರಿಸುತ್ತದೆ. ಕಣ್ಣು ಆ ಸೊನ್ನೆಯ ಮೇಲೆ, ಕಿವಿ ಅಪ್ಪನ ಮೇಲೆ. ಅಳುವುದಕ್ಕೂ ಪುರುಸೊತ್ತಿಲ್ಲ, ಅಳು ತಡೆಯುವುದಕ್ಕೂ ಆಗುವುದಿಲ್ಲ. ವೇಗವಾಗಿ ಓಡಿಸಿ ದಾಟುವ ದಾರಿ ಈ ಕೆಲಸದಲ್ಲಿ ಇಲ್ಲ. ಅಪ್ಪ ಕಲ್ಲುಕಟ್ಟದ ಬದಿಯಲ್ಲಿ ನಡೆದರು, ಗಡಿಯ ಕಲ್ಲು ತೋರಿಸಿದರು, ಯಾವ ಮಾವಿಗೆ ಯಾವಾಗ ಕಸಿ ಕಟ್ಟಿದ್ದು ಎಂದು ಹೇಳಿದರು, ಒಂದು ಅಡಿಕೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಎರಡು ದಿನ ತಡವಾದರೆ ಏನಾಗುತ್ತದೆ ಎಂದು ವಿವರಿಸಿದರು. ಅವರ ಕೊನೆಯ ವರ್ಷಗಳಲ್ಲಿ ಮಾತು ತೊದಲುತ್ತಿತ್ತು. ನನ್ನ ಕಿವಿಯಲ್ಲಿ ಉಳಿದದ್ದು ಆ ತೊದಲು ಮಾತೇ. ಹೀಗೆ ಗಟ್ಟಿಯಾಗಿ, ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಲ್ಲೂ ಮಾತಾಡುತ್ತಿದ್ದರು ಎಂಬುದು ನನ್ನಿಂದ ಪೂರ್ತಿ ಜಾರಿಹೋಗಿತ್ತು.

ಆಮೇಲೆ ಸುರಂಗ. ನಮ್ಮ ಕಡೆಯ ಸುರಂಗ ಎಂದರೆ ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಪಿಕ್ಕಾಸಿನಲ್ಲಿ ಅಗೆದದ್ದು, ಪಂಪು ಇಲ್ಲದೆ ನೀರು ತಾನೇ ಹರಿದು ಹೊರಗೆ ಬರಬೇಕು. ಅಪ್ಪ ದೀಪ ಹಿಡಿದು ಒಳಗೆ ಹೋದರು. ಒಳಗೆ ಗಾಳಿ ಇದೆಯೋ ಇಲ್ಲವೋ ಎಂದು ಜ್ವಾಲೆಯನ್ನೇ ನೋಡಿಕೊಂಡು ಹೋಗಬೇಕು ಎಂದರು. ಅಣ್ಣ ಕತ್ತಲಲ್ಲಿ ತೆಗೆಯುವ ಗುಂಡಿ ಒತ್ತಿದ್ದ. ಚಿತ್ರ ಹಸಿರಾಯಿತು, ಗೋಡೆಯ ಮೇಲೆ ಪಿಕ್ಕಾಸಿನ ಒಂದೊಂದು ಕಚ್ಚೂ ಕಂಡಿತು. ಪಾದದ ಮೇಲೆ ನೀರು ಹರಿಯುವ ಸದ್ದು, ಗೋಡೆಗಳಿಗೆ ತಾಗಿ ಮರಳುವ ಅಪ್ಪನ ಸ್ವರ. ಎರಡು ಕಡೆ ದಾರಿ ಒಡೆಯುತ್ತದೆ, ಎಡದ್ದರಲ್ಲಿ ಬಂಡೆ ಸಿಕ್ಕಿ ಬಿಟ್ಟದ್ದು, ಬಲದ್ದರಲ್ಲಿ ಒರತೆ. ಬಲದ್ದನ್ನು ಅಜ್ಜನ ಕಾಲದಲ್ಲಿ ಕೊರೆದದ್ದು ಎಂದರು.

“ಅಲ್ಲ,” ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು. “ಅವರಿಗೆ ಎಂತದೂ ನೆನಪಿಲ್ಲ. ಬಲದ್ದು ಕೊರೆದದ್ದು ನಾನು ಬಂದ ಮೇಲೆ. ಅಗೆಯುವವರಿಗೆ ಗಂಜಿ ಬೇಯಿಸಿ ಹಾಕಿದವಳು ನಾನು.” ಕೈ ಒರೆಸಿಕೊಳ್ಳುತ್ತ ಬಂದು ಕುಳಿತಳು, ಕೊನೆಯ ತನಕ ಏಳಲಿಲ್ಲ. ಯಾರು ಅಗೆದರು, ಎಷ್ಟು ತಿಂಗಳಾಯಿತು, ನೀರು ಬಂದ ದಿನ ಏನಾಯಿತು ಎಂದು ಟೇಪಿನ ಮೇಲೆಯೇ ಹೇಳುತ್ತ ಹೋದಳು. ಮುಗಿದ ಮೇಲೆ ಅವಳ ಮಾತನ್ನೂ ಬೇರೆಯಾಗಿ ತೆಗೆದಿಟ್ಟೆವು.

ತಾರೀಕಿನ ಮಾತು ಹೇಳಬೇಕು. ವಿನ್‌ಡಿವಿ ಫೈಲಿಗೆ ಹೆಸರು ಕೊಡುವುದೇ ಟೇಪಿನಲ್ಲಿರುವ ತಾರೀಕಿನಿಂದ. ಅದನ್ನು ನಂಬಬಹುದೇ? ಜಾತ್ರೆಯ ಬ್ರಹ್ಮರಥದ ರಾತ್ರಿಯ ಪುತ್ತೂರು ಬೆಡಿಯ, ಅಂದರೆ ಸುಡುಮದ್ದಿನ, ತುಣುಕು ನೋಡಿದೆವು. ಏಪ್ರಿಲ್ 17 ಎಂದೇ ಇತ್ತು, ವರ್ಷ 2003. ನಮ್ಮ ಜಾತ್ರೆಯ ದಿನ ಪ್ರತಿ ವರ್ಷವೂ ಅದೇ ಆದ್ದರಿಂದ ದಿನ ಸರಿ ಎಂದಾಯಿತು. ಗಂಟೆ ಮಾತ್ರ ಹೊಂದಲಿಲ್ಲ. ಚಾವಡಿಯ ಗೋಡೆ ಗಡಿಯಾರ ಎಂಟು ತೋರಿಸುವಾಗ ಟೇಪು ಆರೂವರೆ ಎನ್ನುತ್ತಿತ್ತು. ಅಣ್ಣ ಕ್ಯಾಮೆರಾದಲ್ಲಿ ಮಸ್ಕತ್ತಿನ ಹೊತ್ತನ್ನೇ ಇಟ್ಟಿದ್ದ, ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಎಲ್ಲದಕ್ಕೂ ಒಂದೂವರೆ ಗಂಟೆ ಕೂಡಿಸಿದ ಮೇಲೆ ದಿನಗಳು ಸಾಲಾಗಿ ಕೂತವು. ಅಪ್ಪ ಸುರಂಗದೊಳಗೆ ಹೋದದ್ದು 2004ರ ಮೇ ತಿಂಗಳ ಒಂದು ಬೆಳಿಗ್ಗೆ, ಒಂಬತ್ತು ದಾಟಿದ ಮೇಲೆ. ಕಡು ಬೇಸಗೆಯಲ್ಲೂ ಆಗ ಅಲ್ಲಿ ಪಾದ ಮುಳುಗುವ ನೀರಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲಿರುವ ದಾಖಲೆ ಇದೊಂದೇ.

ಇಳಿಸಿದ ಫೈಲುಗಳು 300 ಜಿಬಿಗೆ ಸಮೀಪವಾದವು. ಅವನ್ನು ಹಾಗೇ ಎರಡು ಡಿಸ್ಕಿನಲ್ಲಿಟ್ಟೆವು, ಒಂದು ನಮ್ಮಲ್ಲಿ, ಒಂದು ಅಣ್ಣನಲ್ಲಿ. ಫೋನಿನಲ್ಲಿ ನೋಡಲು ಚಿಕ್ಕ ಎಂಪಿ4 ಪ್ರತಿ ಬೇರೆ ಮಾಡಬೇಕಾಯಿತು. ಹಳೆಯ ಟಿವಿಗಾಗಿ ಸೆಕೆಂಡಿಗೆ 50 ಅರೆಚಿತ್ರಗಳಾಗಿ ತೆಗೆದದ್ದರಿಂದ ಓಡುವ ಮಗುವಿನ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತಿತ್ತು, ಅದನ್ನು ಬಿಡಿಸಿ ಸಮ ಮಾಡಿದೆವು. ಮೂಲವನ್ನು ಮುಟ್ಟಲಿಲ್ಲ. ಕ್ಯಾಸೆಟ್ಟುಗಳನ್ನೂ ಎಸೆದಿಲ್ಲ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ನಿಲ್ಲಿಸಿಟ್ಟಿದ್ದೇನೆ.

ಸುದ್ದಿ ಹರಡಿ ಈಗ ಊರಿನ ಬೇರೆ ಮನೆಗಳಿಂದಲೂ ಕೇಳಿಕೊಂಡು ಬರುತ್ತಿದ್ದಾರೆ. ಕುವೈಟಿನಿಂದ ಬಂದವರದ್ದು, ಬಹರೈನಿನಿಂದ ಬಂದವರದ್ದು. ಒಬ್ಬರ ಮನೆಯ ಕ್ಯಾಸೆಟ್ಟಿನಲ್ಲಿ ಅವರ ತಾಯಿ ಅಕ್ಕಿ ಕುಟ್ಟುವುದಿದೆಯಂತೆ. ನಮ್ಮ ಕ್ಯಾಮೆರಾದ ಹೆಡ್ಡು ಇನ್ನೂ ಸರಿಯಿದೆ, ಕಾರ್ಡು ಕಂಪ್ಯೂಟರಿನಲ್ಲೇ ಇದೆ, ಹಂಪನಕಟ್ಟೆಯ ಹಿರಿಯರು ಇನ್ನೂ ಅಂಗಡಿ ತೆರೆಯುತ್ತಾರೆ. ಕ್ಯಾಸೆಟ್ಟನ್ನು ನೀವಾಗಿ ಬಿಚ್ಚಬೇಡಿ, ಯಾವುದರಲ್ಲೂ ಹಾಕಿ ನೋಡಬೇಡಿ, ಇದ್ದ ಹಾಗೇ ಮಳೆ ಹಿಡಿಯುವ ಮೊದಲು ತನ್ನಿ ಎಂದು ಎಲ್ಲರಿಗೂ ಹೇಳಿದ್ದೇನೆ.